ಜಿಪಿಯು ಕೊಳ್ಳುವ ಮೊದಲು ಗ್ಯಾಮಾ ಕೋನ ನೋಡಿ

ಮರುಭೂಮಿ ಧೂಳಿನ ಕಣ ಬೆಳಕನ್ನು ಹೇಗೆ ಚದುರಿಸುತ್ತದೆ ಅಂತ ತಿಳಿಯಲು, ಅದನ್ನು ಸ್ಫಿರಾಯ್ಡ್ (ಒಂದು ಅಕ್ಷದ ಉದ್ದಕ್ಕೆ ಎಳೆದ ಅಥವಾ ಒತ್ತಿದ ಗೋಳ) ಅಂತಿಟ್ಟುಕೊಂಡು ಎಡಿಡಿಎ ಓಡಿಸುತ್ತಿದ್ದೀರಿ, ವಾರವಾದರೂ ಮುಗಿದಿಲ್ಲ, ಜಿಪಿಯು (ಗ್ರಾಫಿಕ್ಸ್ ಕಾರ್ಡ್) ಹಾಕಿದರೆ ವೇಗ ಬರುತ್ತದಾ ಅಂತ ಕೇಳಿದ್ದೀರಿ. ಎಡಿಡಿಎ ಅಂದರೆ ಡಿಡಿಎ ವಿಧಾನದ ಪ್ರೋಗ್ರಾಂ: ಕಣವನ್ನು ಡೈಪೋಲ್ ಅನ್ನುವ ಸಣ್ಣ ಬಿಂದುಗಳ ಜಾಲವಾಗಿ ಕಡಿದು ಲೆಕ್ಕ ಹಾಕುತ್ತದೆ. ನಾನೂ ಇಲ್ಲೇ ಸಿಕ್ಕಿಕೊಂಡಿದ್ದೆ. ಜಿಪಿಯು ಬೇಡ. ನಿಮ್ಮ ಯಂತ್ರ ನಿಧಾನವಿಲ್ಲ, ಒಂದೇ ಲೆಕ್ಕವನ್ನು ಹತ್ತಾರು ಸಲ ಮಾಡುತ್ತಿದೆ.

ನನ್ನ ಕಣ ಹೀಗಿತ್ತು: ಅಕ್ಷಗಳ ಅನುಪಾತ 1.5, ಅಷ್ಟೇ ಗಾತ್ರದ ಗೋಳದ ತ್ರಿಜ್ಯ 1 ಮೈಕ್ರೋಮೀಟರ್, ತರಂಗಾಂತರ 0.55 ಮೈಕ್ರೋಮೀಟರ್, ವಕ್ರೀಭವನ ಸೂಚ್ಯಂಕ 1.53, ಅದರ ಕಾಲ್ಪನಿಕ ಭಾಗ 0.008. ಕಣದ ಯಾದೃಚ್ಛಿಕ ದಿಕ್ಕುಗಳ ಸರಾಸರಿ ಬೇಕಿತ್ತು. ಕಣದ ಅಕ್ಷ ಬೆಳಕಿನ ದಿಕ್ಕಿನಿಂದ ಎಷ್ಟು ವಾಲಿದೆ ಅನ್ನುವ ಬೀಟಾ ಕೋನಕ್ಕೆ 0ಯಿಂದ 180 ಡಿಗ್ರಿವರೆಗೆ 17 ಬೆಲೆ, ಗ್ಯಾಮಾಕ್ಕೆ 16 ಬೆಲೆ ಕೊಟ್ಟೆ. ಒಟ್ಟು 272 ದಿಕ್ಕು. ಪ್ರತಿ ದಿಕ್ಕಿಗೂ ಎರಡು ಧ್ರುವೀಕರಣ, ಅಂದರೆ 544 ಸಲ ಇಡೀ ಸಮೀಕರಣ ವ್ಯವಸ್ಥೆಯನ್ನು ಬಿಡಿಸಬೇಕು.

ತಪ್ಪಾದದ್ದು ಇಲ್ಲೇ. ಗ್ಯಾಮಾ ಅಂದರೆ ಕಣವನ್ನು ಅದರದೇ ಅಕ್ಷದ ಸುತ್ತ ತಿರುಗಿಸುವುದು. ಸ್ಫಿರಾಯ್ಡನ್ನು ಅದರ ಅಕ್ಷದ ಸುತ್ತ ಎಷ್ಟು ತಿರುಗಿಸಿದರೂ ಅದು ಅದೇ ಸ್ಫಿರಾಯ್ಡ್. ಕೊನೆಗೊಮ್ಮೆ ಬೀಟಾ ಒಂದೇ ಇರುವ 16 ಫಲಿತಾಂಶಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. ಎಕ್ಸ್‌ಟಿಂಕ್ಷನ್ (ಕಣ ಚದುರಿಸಿ, ಹೀರಿ ಕಡಿಮೆ ಮಾಡುವ ಒಟ್ಟು ಬೆಳಕು) ಬೆಲೆ ದಶಾಂಶದ ಮೂರನೇ ಸ್ಥಾನದವರೆಗೂ ಒಂದೇ. ಅದರಾಚೆಗಿದ್ದ ಚೂರುಪಾರು ವ್ಯತ್ಯಾಸ ಭೌತಶಾಸ್ತ್ರದ್ದಲ್ಲ. ಘನಾಕಾರದ ಜಾಲದ ಮೇಲೆ ದುಂಡನೆ ಮೈಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದದ್ದರ ದೋಷ ಅದು. ಬೀಟಾದಲ್ಲೂ ಹಾಗೇ: ಸ್ಫಿರಾಯ್ಡಿಗೆ ತಲೆ-ಬಾಲ ಇಲ್ಲ, 90ರಾಚೆಯದೆಲ್ಲ 90ರೊಳಗಿನದರ ನಕಲು. ನಿಜಕ್ಕೂ ಬೇಕಿದ್ದದ್ದು 9 ಬೀಟಾ, 1 ಗ್ಯಾಮಾ. ಆಲ್ಫಾಕ್ಕೆ ಹೆದರಬೇಡಿ. ಬೆಳಕಿನ ದಿಕ್ಕಿನ ಸುತ್ತ ತಿರುಗಿಸುವುದಕ್ಕೆ ಸಮೀಕರಣವನ್ನು ಮತ್ತೆ ಬಿಡಿಸಬೇಕಿಲ್ಲ, ಚದುರಿದ ಕ್ಷೇತ್ರವನ್ನಷ್ಟೇ ಇನ್ನೊಂದು ತಲದಲ್ಲಿ ಲೆಕ್ಕ ಹಾಕಿದರೆ ಆಯಿತು. 272 ಎಲ್ಲಿ, 9 ಎಲ್ಲಿ? 30 ಪಟ್ಟು ವ್ಯರ್ಥ.

ಅದರ ಮೇಲೆ ಡೈಪೋಲ್‌ಗಳ ಅತಿರೇಕ ಬೇರೆ. ಕಣದೊಳಗಿನ ಒಂದು ತರಂಗಾಂತರಕ್ಕೆ 10 ಡೈಪೋಲ್ ಅನ್ನುವುದು ರೂಢಿಯ ನಿಯಮ. ಇಲ್ಲಿ ಅದು 36 ನ್ಯಾನೋಮೀಟರ್ ಅಂತರ, ಸುಮಾರು 90 ಸಾವಿರ ಡೈಪೋಲ್. ನಿಖರತೆ ಇರಲಿ ಅಂತ ನಾನು 30 ಕೊಟ್ಟಿದ್ದೆ. ಮೂರು ದಿಕ್ಕಿನಲ್ಲೂ ಮೂರು ಪಟ್ಟು ಅಂದರೆ 27 ಪಟ್ಟು, 24 ಲಕ್ಷ ದಾಟಿತು. ಅದೇ ಕಣಕ್ಕೆ ಇಟರೇಷನ್ (ಉತ್ತರವನ್ನು ಹಂತಹಂತವಾಗಿ ತಿದ್ದುವ ಸುತ್ತು) ಸಂಖ್ಯೆ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಆದರೆ ಪ್ರತಿ ಇಟರೇಷನ್ನಿನ ಎಫ್‌ಎಫ್‌ಟಿ (ವೇಗದ ಫೂರಿಯೆ ರೂಪಾಂತರ) 27 ಪಟ್ಟು ದೊಡ್ಡದು. ಎರಡೂ ತಪ್ಪು ಸೇರಿ ಸುಮಾರು 800 ಪಟ್ಟು. ಯಾವ ಕಾರ್ಡೂ ಇದನ್ನು ತುಂಬಿಕೊಡುವುದಿಲ್ಲ. ಎಡಿಡಿಎ ಲೆಕ್ಕವೆಲ್ಲ ಡಬಲ್ ಪ್ರಿಸಿಷನ್‌ನಲ್ಲಿ (ಸುಮಾರು 16 ಅಂಕಿಯ ನಿಖರತೆ), ಗೇಮಿಂಗ್ ಕಾರ್ಡುಗಳು ಸೊರಗುವುದೂ ಅದರಲ್ಲೇ.

ಈಗ ನಿಮ್ಮ ಪ್ರಶ್ನೆಯ ಬುಡಕ್ಕೇ ಬರುತ್ತೇನೆ. ಸ್ಫಿರಾಯ್ಡ್‌ಗೆ ಡಿಡಿಎ ಯಾಕೆ? ಟಿ-ಮ್ಯಾಟ್ರಿಕ್ಸ್ ಬಳಸಿ: ಬೀಳುವ ಬೆಳಕಿನಿಂದ ಚದುರುವ ಬೆಳಕನ್ನು ಕೊಡುವ ಮ್ಯಾಟ್ರಿಕ್ಸನ್ನು ಕಣಕ್ಕೆ ಒಮ್ಮೆ ಮಾತ್ರ ಲೆಕ್ಕ ಹಾಕುವುದು. ವಾಟರ್‌ಮನ್ 1965ರಲ್ಲಿ ಕೊಟ್ಟ ವಿಧಾನ. ಯಾದೃಚ್ಛಿಕ ದಿಕ್ಕುಗಳ ಸರಾಸರಿಯನ್ನು ಸೂತ್ರದಲ್ಲೇ ತೆಗೆಯುವ ದಾರಿಯನ್ನು ಮಿಶ್ಚೆಂಕೊ 1991ರಲ್ಲಿ ತೋರಿಸಿದರು, ಅವರ ಫೋರ್ಟ್ರಾನ್ ಕೋಡ್ ಉಚಿತವಾಗಿ ಸಿಗುತ್ತದೆ. ಈ ಗಾತ್ರದ ಕಣಕ್ಕೆ ಕೆಲವೇ ಸೆಕೆಂಡು. ಕಣ ತೀರಾ ಉದ್ದವಾದರೆ, ತೀರಾ ಚಪ್ಪಟೆಯಾದರೆ ಅಥವಾ ತುಂಬ ದೊಡ್ಡದಾದರೆ ಡಬಲ್ ಪ್ರಿಸಿಷನ್ ಸಾಲದೆ ಲೆಕ್ಕ ಒಂದು ಬೆಲೆಗೆ ನೆಲೆಗೊಳ್ಳುವುದಿಲ್ಲ. ಆಗ ಎಕ್ಸ್‌ಟೆಂಡೆಡ್ ಪ್ರಿಸಿಷನ್ ಆವೃತ್ತಿ ಹಾಕಿ. ಮಸಿಯ ಹಾಗೆ ಗೋಳಗಳ ಗೊಂಚಲಾದರೆ ಮ್ಯಾಕೋವ್‌ಸ್ಕಿಯವರ ಎಂಎಸ್‌ಟಿಎಂ (ಹಲವು ಗೋಳಗಳ ಟಿ-ಮ್ಯಾಟ್ರಿಕ್ಸ್ ಕೋಡ್). ಅಲ್ಲಿ ಡಿಡಿಎ ಹೊಡೆತ ತಿನ್ನುತ್ತದೆ, ಯಾಕೆಂದರೆ ಎಫ್‌ಎಫ್‌ಟಿಯ ಖರ್ಚು ಗೊಂಚಲಿನದಲ್ಲ, ಅದನ್ನು ಸುತ್ತಿದ ಇಡೀ ಪೆಟ್ಟಿಗೆಯದು. ಖಾಲಿ ಜಾಗಕ್ಕೂ ನೀವು ಬೆಲೆ ತೆರುತ್ತೀರಿ.

ಮುರುಕು ಅಂಚಿನ, ಯಾವ ಸಮ್ಮಿತಿಯೂ ಇಲ್ಲದ ಕಣವಾದರೆ ಮಾತ್ರ ಡಿಡಿಎಗೆ ಬನ್ನಿ. ಎಡಿಡಿಎಯ ಎಪ್ಸ್ ಆಯ್ಕೆಗೆ (ಇಟರೇಷನ್ ಎಲ್ಲಿ ನಿಲ್ಲಬೇಕು ಅನ್ನುವುದು) 3 ಕೊಡಿ. ಸುಮ್ಮನೆ ಬಿಟ್ಟರೆ ಅದು 5, ಅಂದರೆ ಶೇಷ (ಸಮೀಕರಣದಲ್ಲಿ ಉಳಿದ ತಪ್ಪು) ಲಕ್ಷದಲ್ಲೊಂದು ಪಾಲಿಗೆ ಇಳಿಯುವ ತನಕ ಓಡುತ್ತದೆ. ಡೈಪೋಲ್ ಜಾಲವೇ ಶೇಕಡಾ 1ರ ಆಸುಪಾಸು ತಪ್ಪುತ್ತಿರುವಾಗ ಆ ಶ್ರಮ ದಂಡ, ಐದರಲ್ಲಿ ಎರಡು ಪಾಲು ಇಟರೇಷನ್ ಉಳಿಯುತ್ತದೆ. ಒಂದೇ ಲೆಕ್ಕವನ್ನು ಎಂಪಿಐಯಲ್ಲಿ (ಕೋರುಗಳು ಸಂದೇಶ ಕಳಿಸಿಕೊಂಡು ಒಟ್ಟಿಗೆ ದುಡಿಯುವ ವ್ಯವಸ್ಥೆ) 16 ಕೋರಿಗೆ ಹಂಚಬೇಡಿ, ಕೋರಿಗೊಂದು ದಿಕ್ಕು ಕೊಡಿ. ಇಷ್ಟು ಸಣ್ಣ ಜಾಲದಲ್ಲಿ ಕೋರುಗಳು ಪರಸ್ಪರ ಕಾಯುವುದರಲ್ಲೇ ಸಮಯ ಹೋಗುತ್ತದೆ. ಪ್ರತಿ ದಿಕ್ಕಿನ ಫಲಿತಾಂಶವನ್ನೂ ಬೇರೆ ಬೇರೆ ಫೈಲಿನಲ್ಲಿ ಉಳಿಸಿ, ಸರಾಸರಿ ಅಲುಗಾಡುವುದು ನಿಂತ ಕೂಡಲೇ ನಿಲ್ಲಿಸಿ.

ಇದಕ್ಕೆಲ್ಲ ಮೊದಲು ಅದೇ ಸೂಚ್ಯಂಕದ, 1 ಮೈಕ್ರೋಮೀಟರ್ ತ್ರಿಜ್ಯದ ಗೋಳವನ್ನು ಡಿಡಿಎಯಲ್ಲಿ ಒಮ್ಮೆ ಓಡಿಸಿ, ಮೀ ಸರಣಿಯ (ಗೋಳಕ್ಕೆ ನಿಖರ ಉತ್ತರ ಕೊಡುವ ಸೂತ್ರ) ಜೊತೆ ಹೋಲಿಸಿ. ಗಾತ್ರದ ನಿಯತಾಂಕ (ಗೋಳದ ಸುತ್ತಳತೆಯನ್ನು ತರಂಗಾಂತರದಿಂದ ಭಾಗಿಸಿದ್ದು) 11.4, ಸರಣಿಗೆ 22 ಪದ ಸಾಕು. 10 ಡೈಪೋಲ್‌ಗೆ ಎಷ್ಟು ತಪ್ಪಾಗುತ್ತದೆ ಅಂತ ಅಲ್ಲೇ ಕಣ್ಣಿಗೆ ಬೀಳುತ್ತದೆ, 30 ಬೇಕೋ ಬೇಡವೋ ಆಗ ತೀರ್ಮಾನಿಸಿ.