ಕೇಬಲ್ ತೆಗೆದಿಟ್ಟರೂ ಬ್ಯಾಟರಿ ಖಾಲಿಯಾದರೆ ಮೊದಲು ಜಾಕ್ ನೋಡಿ

ಆಕ್ಟಿವ್ ಪಿಕಪ್ (ತಂತಿಯ ಕಂಪನವನ್ನು ಸಿಗ್ನಲ್ ಮಾಡುವ, ಬ್ಯಾಟರಿ ಬೇಕಾದ ಭಾಗ) ಇರುವ ಗಿಟಾರ್, ಕೇಬಲ್ ತೆಗೆದಿಟ್ಟರೂ ಹೊಸ 9 ವೋಲ್ಟ್ ಬ್ಯಾಟರಿ ಒಂದೇ ವಾರದಲ್ಲಿ ಖಾಲಿ ಅಂದಿದ್ದೀರಿ. ಪಿಕಪ್ ಮೇಲೆ ಅನುಮಾನ ಬೇಡ. ನನಗೆ ಅನುಮಾನ ಇರುವುದು ಔಟ್‌ಪುಟ್ ಜಾಕ್ ಮೇಲೆ, ಅಂದರೆ ಕೇಬಲ್ ಚುಚ್ಚುವ ಜಾಗದ ಮೇಲೆ.

ಇಂಥ ಗಿಟಾರ್‌ಗಳಲ್ಲಿ ಸಾಮಾನ್ಯವಾಗಿ ಸ್ಟೀರಿಯೊ ಜಾಕ್ ಇರುತ್ತದೆ, ಅದೇ ಆನ್-ಆಫ್ ಸ್ವಿಚ್. ಬ್ಯಾಟರಿಯ ಕಪ್ಪು (ನೆಗೆಟಿವ್) ವೈರ್ ಜಾಕ್‌ನ ರಿಂಗ್ ಟರ್ಮಿನಲ್‌ಗೆ, ಅಂದರೆ ಸ್ಟೀರಿಯೊ ಜಾಕ್‌ನಲ್ಲಿರುವ ಹೆಚ್ಚುವರಿ ಸಂಪರ್ಕಕ್ಕೆ ಹೋಗುತ್ತದೆ. ಮೊನೊ ಪ್ಲಗ್ ಹಾಕಿದಾಗ ಅದರ ಉದ್ದನೆಯ ಸ್ಲೀವ್ ಭಾಗ ರಿಂಗನ್ನು ಗ್ರೌಂಡ್‌ಗೆ ಸೇರಿಸುತ್ತದೆ, ಆಗ ಕರೆಂಟ್ ಹರಿಯುತ್ತದೆ. ಆ ವೈರನ್ನು ಯಾರೋ ತಪ್ಪಿ ನೇರ ಗ್ರೌಂಡ್‌ಗೆ ಬೆಸುಗೆ ಹಾಕಿದ್ದರೆ, ಇಲ್ಲವೇ ರಿಂಗ್ ಟರ್ಮಿನಲ್ ಗಿಟಾರ್ ಒಳಗಿನ ಶೀಲ್ಡಿಂಗ್ ಹಾಳೆಗೆ (ಗ್ರೌಂಡ್‌ಗೆ ಸೇರಿಸಿರುವ ಲೋಹದ ಹಾಳೆ) ತಾಗುತ್ತಿದ್ದರೆ, ಗಿಟಾರ್ ಯಾವಾಗಲೂ ಆನ್. ಜಾಕ್ ಸಡಿಲವಾಗಿ ತಿರುಗಿದಾಗ ಹೀಗೆ ತಾಗುವುದು ಜಾಸ್ತಿ.

ಸುಮ್ನೆ ಊಹಿಸುವ ಬದಲು ಅಳೆದುಬಿಡಿ. ಮಲ್ಟಿಮೀಟರನ್ನು ಮಿಲಿಆಂಪ್‌ಗೆ ಇಟ್ಟು, ಬ್ಯಾಟರಿಯ ಒಂದು ತುದಿ ಮತ್ತು ಕ್ಲಿಪ್ ನಡುವೆ ಸರಣಿಯಲ್ಲಿ ಸೇರಿಸಿ. ಬ್ಯಾಟರಿಯ ಎರಡೂ ತುದಿಗೆ ನೇರವಾಗಿ ಮಾತ್ರ ಹಿಡಿಯಬೇಡಿ, ಮೀಟರಿನ ಫ್ಯೂಸ್ ಹೋಗುತ್ತದೆ. ಪ್ಲಗ್ ಇಲ್ಲದಾಗ ಸೊನ್ನೆ ಬರಬೇಕು. ಆಲ್ಕಲೈನ್ ಬ್ಯಾಟರಿಯಲ್ಲಿ ಸುಮಾರು 500 ಮಿಲಿಆಂಪ್-ಗಂಟೆ ಇರುತ್ತದೆ. ವಾರದಲ್ಲಿ ಮುಗಿಯಬೇಕಾದರೆ ಸುಮಾರು 3 ಮಿಲಿಆಂಪ್ ಸತತವಾಗಿ ಸೋರಬೇಕು. ಎಷ್ಟೋ ಆಕ್ಟಿವ್ ಪಿಕಪ್‌ಗಳು ನುಡಿಸುವಾಗಲೂ ಅಷ್ಟು ಎಳೆಯುವುದಿಲ್ಲ. ಹಾಗಾಗಿ ಒಳಗೆ ಪ್ರೀಆಂಪ್ ಬೋರ್ಡ್ (ಸಿಗ್ನಲ್ ಹೆಚ್ಚಿಸುವ ಸರ್ಕ್ಯೂಟ್) ಏನಾದರೂ ಇದೆಯಾ, ಅದನ್ನೂ ನೋಡಿ.

ವಾಲ್ಯೂಮ್ ತಿರುಗಿಸಿದಾಗ ಕರಕರ ಸದ್ದು ಬರುತ್ತದೆ ಅಂತಲೂ ಅಂದಿದ್ದೀರಿ, ಅದು ಬೇರೆ ವಿಷಯ. ಪಾಟ್ (ವಾಲ್ಯೂಮ್ ಗುಂಡಿಯ ಕೆಳಗಿನ ಪೊಟೆನ್ಶಿಯೊಮೀಟರ್) ಒಳಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಹತ್ತಿಪ್ಪತ್ತು ಸಲ ತಿರುಗಿಸಿ. ಮೀಟರ್ ಏನು ತೋರಿಸಿತು ಅಂತ ಬರೆಯಿರಿ, ಜಾಕ್‌ನ ಫೋಟೊ ಕೂಡ ಹಾಕಿ.