ಮೊಬೈಲಿನಲ್ಲಿ ನೋಡಿದ ಆರೋಗ್ಯ ಮಾಹಿತಿಯಿಂದ ರೋಗಿಗಳು ವೈದ್ಯರು ಕೊಟ್ಟ ಔಷಧ ಬಿಡುತ್ತಾರೆಯೇ?

ಬಿಡುವುದೂ ಉಂಟು, ಬಿಟ್ಟದ್ದನ್ನು ಮತ್ತೆ ಹಿಡಿಯುವುದೂ ಉಂಟು. ಯಾವುದಾಗುತ್ತದೆ ಎಂಬುದು ಬಹುಮಟ್ಟಿಗೆ ವೈದ್ಯರೊಡನೆ ನಡೆದ ಮಾತುಕತೆಯನ್ನು ಅವಲಂಬಿಸಿದೆ. ದೀರ್ಘಕಾಲದ ಕಾಯಿಲೆಗಳಲ್ಲಿ ಚಿಕಿತ್ಸೆಯನ್ನು ಹೇಳಿದಂತೆ ಪಾಲಿಸುವವರು ಅಭಿವೃದ್ಧಿ ಹೊಂದಿದ ದೇಶಗಳಲ್ಲಿಯೂ ಸರಾಸರಿ ಶೇ 50ರಷ್ಟು ಮಾತ್ರ ಎಂದು ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲಿಯೇ ವರದಿ ಮಾಡಿತ್ತು. ಅಂದರೆ ಈ ತೊಂದರೆ ವಾಟ್ಸ್‌ಆ್ಯಪ್‌ಗಿಂತ ಹಳೆಯದು.

ಸಕಲೇಶಪುರದಲ್ಲಿರುವ ನಮ್ಮ ದೊಡ್ಡಮ್ಮನಿಗೆ ರಕ್ತದೊತ್ತಡಕ್ಕೆ ಆಮ್ಲೋಡಿಪಿನ್ ಮಾತ್ರೆ ಕೊಟ್ಟಿದ್ದರು. ಕೆಲವು ವಾರಗಳಲ್ಲಿ ಪಾದ ಊದಿ, ಚಪ್ಪಲಿಯ ಪಟ್ಟಿ ಒತ್ತಿದ ಗುರುತು ರಾತ್ರಿಯವರೆಗೂ ಉಳಿಯತೊಡಗಿತು. ‘ಬಿಪಿ ಮಾತ್ರೆ ಕಿಡ್ನಿ ಕೆಡಿಸುತ್ತದೆ’ ಎಂಬ ವಿಡಿಯೊ ಬಂದದ್ದೇ ತಡ, ಊತಕ್ಕೂ ಕಿಡ್ನಿ ಕೆಟ್ಟದ್ದೇ ಕಾರಣವೆಂದು ತಿಳಿದು ಅವರು ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸಿದರು. ಪಾದದ ಊತ ಆ ಮಾತ್ರೆಯ ಪರಿಚಿತ ಅಡ್ಡಪರಿಣಾಮ. ವೈದ್ಯರು ಪ್ರಮಾಣ ತಗ್ಗಿಸಿ ಅಥವಾ ಬೇರೆ ಮಾತ್ರೆ ಕೊಟ್ಟು ಅದನ್ನು ಸರಿಪಡಿಸಬಲ್ಲರು. ವರ್ಷಗಳು ಕಳೆದಂತೆ ಮೂತ್ರಪಿಂಡಕ್ಕೆ ಹಾನಿ ಮಾಡುವುದು ಹತೋಟಿ ತಪ್ಪಿದ ರಕ್ತದೊತ್ತಡವೇ. ಈ ಎರಡು ಮಾತು ಮೊದಲ ಭೇಟಿಯಲ್ಲಿಯೇ ಸಿಕ್ಕಿದ್ದರೆ ವಿಡಿಯೊಗೆ ಅಷ್ಟು ಬಲ ಇರುತ್ತಿರಲಿಲ್ಲ.

ಹಾಸನದ ಆಸ್ಪತ್ರೆಗಳ ಹೊರರೋಗಿ ವಿಭಾಗದಲ್ಲಿ ಸಾಲು ಎಷ್ಟು ಉದ್ದವೆಂಬುದನ್ನು ಬಲ್ಲೆ. ಆದರೂ ‘ಮಾತ್ರೆ ಹೇಗೆ ತೆಗೆದುಕೊಳ್ಳುತ್ತೀರಿ, ನೀವೇ ಒಮ್ಮೆ ಹೇಳಿ’ ಎಂದು ಕೇಳುವ ವೈದ್ಯರಿಗೆ ರೋಗಿ ತಪ್ಪು ತಿಳಿದಿರುವುದು ಅಲ್ಲಿಯೇ ಗೊತ್ತಾಗುತ್ತದೆ. ‘ಗೂಗಲ್ ನೋಡಿಕೊಂಡು ಬಂದಿರಾ’ ಎಂದು ಗದರಿದರೆ ರೋಗಿ ಮುಂದಿನ ಸಲ ಬಾಯಿ ಬಿಡುವುದಿಲ್ಲ. ನೀವು ಓದಿದ್ದರಲ್ಲಿ ಭಯ ಹುಟ್ಟಿಸಿದ ಸಾಲನ್ನು ಔಷಧ ಚೀಟಿಯ ಹಿಂದೆ ಬರೆದುಕೊಂಡು, ಮಾತ್ರೆ ಬಿಡುವ ಮೊದಲು ವೈದ್ಯರಿಗೆ ತೋರಿಸಿ.