ಪರ್ಣಶಾಲೆಗಳ ಹಬ್ಬ ಕ್ರೈಸ್ತರಿಗೇನು?

ಪ್ರಶ್ನೆ: ಯೆಹೂದ್ಯರ ಪರ್ಣಶಾಲೆಗಳ ಹಬ್ಬವನ್ನು ಕ್ರೈಸ್ತರೂ ಆಚರಿಸಲೇಬೇಕೆಂದು ನಮ್ಮ ಪ್ರಾರ್ಥನಾ ಕೂಟದಲ್ಲಿ ಕೆಲವರು ಹೇಳುತ್ತಿದ್ದಾರೆ. ಚರ್ಚಿನ ಅಂಗಳದಲ್ಲಿ ಚಪ್ಪರ ಹಾಕುವ ಮಾತೂ ನಡೆದಿದೆ. ಇದು ಸರಿಯೇ? ಈ ಹಬ್ಬಕ್ಕೂ ನಮ್ಮ ವಿಶ್ವಾಸಕ್ಕೂ ಏನು ಸಂಬಂಧ?
– ಓದುಗರೊಬ್ಬರು, ಹಾವೇರಿ

ಉತ್ತರ: ಆಚರಿಸಲೇಬೇಕೆಂಬ ಕಟ್ಟಳೆ ಕ್ರೈಸ್ತರಿಗಿಲ್ಲ. ಹಬ್ಬ, ಅಮಾವಾಸ್ಯೆ, ಸಬ್ಬತ್ತುಗಳ ವಿಷಯದಲ್ಲಿ ಯಾರೂ ನಿಮ್ಮನ್ನು ದೋಷಿಗಳೆಂದು ಎಣಿಸದಿರಲಿ ಎಂದು ಪೌಲನು ಕೊಲೊಸ್ಸೆಯವರಿಗೆ ಸ್ಪಷ್ಟವಾಗಿಯೇ ಬರೆದಿದ್ದಾನೆ. ಆದರೆ ಕಟ್ಟಳೆಯಿಲ್ಲವೆಂದು ಈ ಹಬ್ಬವನ್ನು ತಿಳಿಯದೆಯೇ ಬಿಟ್ಟರೆ ಯೋಹಾನನ ಸುವಾರ್ತೆಯ ಏಳನೆಯ ಅಧ್ಯಾಯ ನಮಗೆ ಅರ್ಧ ಮಾತ್ರ ದಕ್ಕುತ್ತದೆ.

ಐಗುಪ್ತದಿಂದ ಬಿಡುಗಡೆಯಾಗಿ ಬಂದ ಪೂರ್ವಿಕರು ಅರಣ್ಯದಲ್ಲಿ ಗುಡಿಸಲುಗಳಲ್ಲಿ ವಾಸಿಸಿದ್ದನ್ನು ಸಂತತಿಯವರು ಮರೆಯಬಾರದೆಂದು ಯಾಜಕಕಾಂಡದ 23ನೆಯ ಅಧ್ಯಾಯವು ಏಳನೆಯ ತಿಂಗಳ 15ನೆಯ ದಿನದಿಂದ ಏಳು ದಿನಗಳ ಈ ಹಬ್ಬವನ್ನು ವಿಧಿಸುತ್ತದೆ. ಬೆಳೆ ಮನೆಗೆ ಬಂದು ಕಣಜ ತುಂಬಿದ ಹೊತ್ತಿನಲ್ಲಿಯೇ ಗಟ್ಟಿ ಸೂರನ್ನು ಬಿಟ್ಟು ಹೊರಗೆ ಬರಬೇಕೆಂಬುದನ್ನು ಗಮನಿಸಿ. ಗುಡಿಸಲಿಗೆ ಕೊಂಬೆ, ಗರಿಗಳನ್ನೇ ಹೊದಿಸಬೇಕು. ಒಳಗೆ ಬಿಸಿಲಿಗಿಂತ ನೆರಳು ಹೆಚ್ಚಿರಬೇಕು. ಆದರೂ ರಾತ್ರಿ ಗರಿಗಳ ಸಂದಿಯಿಂದ ನಕ್ಷತ್ರಗಳು ಕಾಣುವಂತಿದ್ದರೆ ಒಳ್ಳೆಯದು ಎನ್ನುತ್ತದೆ ಯೆಹೂದ್ಯ ಸಂಪ್ರದಾಯ. ಮಳೆ ಬಂದರೆ ನೆನೆಯುವ ಆ ಸೂರಿನ ಕೆಳಗೆ ಕುಳಿತವನಿಗೆ ತನ್ನನ್ನು ಕಾಯುತ್ತಿರುವುದು ಗೋಡೆಯಲ್ಲ, ದೇವರು ಎಂಬುದನ್ನು ಬೇರೆ ಯಾರೂ ಬೋಧಿಸಬೇಕಾಗಿಲ್ಲ.

ಕ್ರಿ.ಶ. 70ರಲ್ಲಿ ಯೆರೂಸಲೇಮಿನ ದೇವಾಲಯ ನಾಶವಾಗುವ ಮೊದಲು ಹಬ್ಬದ ದಿನಗಳಲ್ಲಿ ಅಲ್ಲಿ ನಡೆಯುತ್ತಿದ್ದ ಒಂದು ವಿಧಿಯನ್ನು ಯೆಹೂದ್ಯರ ಪ್ರಾಚೀನ ಧರ್ಮವಿಧಿಗಳ ಸಂಗ್ರಹವಾದ ಮಿಷ್ನಾ ವಿವರಿಸುತ್ತದೆ. ಬೆಳಿಗ್ಗೆ ಸಿಲೋವ ಕೊಳದಿಂದ ಚಿನ್ನದ ಪಾತ್ರೆಯಲ್ಲಿ ನೀರು ತುಂಬಿಕೊಂಡು, ತುತ್ತೂರಿಯ ಧ್ವನಿಯೊಡನೆ ದೇವಾಲಯಕ್ಕೆ ತಂದು ಯಜ್ಞವೇದಿಯ ಮೇಲೆ ಸುರಿಯುತ್ತಿದ್ದರು. ಬೇಸಿಗೆಯುದ್ದಕ್ಕೂ ಮಳೆ ಕಾಣದೆ ಒಣಗಿದ ನಾಡಿನ ಜನ ಮುಂದಿನ ಮಳೆಗಾಗಿ ದೇವರ ಮುಂದೆ ನಿಲ್ಲುತ್ತಿದ್ದ ಕಾಲವದು. ಅಂಥ ಹಬ್ಬದ ಮಹಾದಿನದಂದೇ ಯೇಸು ಎದ್ದು ನಿಂತು, ಬಾಯಾರಿದವರು ತನ್ನ ಬಳಿಗೆ ಬಂದು ಕುಡಿಯಲಿ ಎಂದು ಕೂಗಿದನು. ಆ ಮಾತು ಪವಿತ್ರಾತ್ಮನನ್ನು ಕುರಿತದ್ದೆಂದು ಯೋಹಾನನೇ ಬಿಡಿಸಿ ಹೇಳುತ್ತಾನೆ. ನನ್ನ ಮಟ್ಟಿಗೆ ಈ ಹಬ್ಬ ಕ್ರೈಸ್ತರಿಗೆ ಕೊಡುವ ಅರ್ಥದ ತಿರುಳು ಇಲ್ಲಿದೆ: ಮಳೆಗಾಗಿ ಮುಗಿಲು ನೋಡುವ ರೈತನ ಹಾಗೆ ವಿಶ್ವಾಸಿಯು ತನ್ನ ದಾಹವನ್ನು ಮುಚ್ಚಿಡದೆ ಕ್ರಿಸ್ತನ ಬಳಿಗೆ ಬರಬೇಕು.

ಈ ಹಬ್ಬದಲ್ಲಿ ದೇವಾಲಯದಲ್ಲಿ ಬೆಳಗುತ್ತಿದ್ದ ದೀಪಗಳ ವಿಷಯವೂ ಹಾಗೆಯೇ. ಯಾಜಕರ ಹಳೆಯ ಉಡುಪುಗಳಿಂದ ಹೊಸೆದ ಬತ್ತಿಗಳನ್ನು ಸ್ತ್ರೀಯರ ಅಂಗಳದ ಎತ್ತರದ ದೀಪಸ್ತಂಭಗಳಲ್ಲಿ ಉರಿಸುತ್ತಿದ್ದರು. ತಾನೇ ಲೋಕದ ಬೆಳಕೆಂದು ಯೋಹಾನನ ಸುವಾರ್ತೆಯ ಎಂಟನೆಯ ಅಧ್ಯಾಯದಲ್ಲಿ ಯೇಸು ಹೇಳುವಾಗ ಆ ಬೆಳಕು ಓದುಗನ ಕಣ್ಣಮುಂದಿರಬೇಕು.

ಇನ್ನು ಚಪ್ಪರದ ಮಾತು. ಮಕ್ಕಳಿಗೆ ಈ ಅಧ್ಯಾಯಗಳನ್ನು ಮನಗಾಣಿಸಲು ಒಂದು ಚಪ್ಪರ ಹಾಕಿದರೆ ತಪ್ಪಿಲ್ಲ. ಆದರೆ ಯೆಹೂದ್ಯರು ಇಂದಿಗೂ ಭಕ್ತಿಯಿಂದ ನಡೆಸುತ್ತಿರುವ ವಿಧಿಗಳನ್ನು ನಮ್ಮವೆಂಬಂತೆ ಅನುಕರಿಸುವುದು ಅವರಿಗೆ ತೋರುವ ಗೌರವವಲ್ಲ. ಆಚರಿಸದವರ ವಿಶ್ವಾಸ ಕೊರತೆಯದೆಂದು ಹೇಳುವುದಂತೂ ಕೂಡದು. ಈ ಹಬ್ಬದ ಸಂತೋಷದಲ್ಲಿ ಆಳುಗಳು, ಪರದೇಶಿಗಳು, ತಂದೆಯಿಲ್ಲದವರು, ವಿಧವೆಯರು ಪಾಲುಗೊಳ್ಳಬೇಕೆಂದು ಧರ್ಮೋಪದೇಶಕಾಂಡದ 16ನೆಯ ಅಧ್ಯಾಯ ಹೇಳುತ್ತದೆ. ನಿಮ್ಮ ಊರಿನಲ್ಲಿ ತಗಡಿನ ಶೆಡ್ಡುಗಳಲ್ಲಿ ವಾಸಿಸುವ ಕೂಲಿ ಕುಟುಂಬಗಳಿದ್ದರೆ, ಚಪ್ಪರದ ಊಟಕ್ಕೆ ಮೊದಲು ಅವರನ್ನು ಕರೆಯಿರಿ.